'ಫ್ಲಡೆಡ್' ಗದ್ದೆಗೆ ಏನನ್ನೋಣ?

ಗದ್ದೆಯ ನೀರಿನಲ್ಲಿ ಬದುಕುವ ಜೀವಿಗಳ ಬಗ್ಗೆ ಬರೆಯುತ್ತಿದ್ದೇನೆ. ಇಂಗ್ಲಿಷಿನ 'ಫ್ಲಡೆಡ್ ರೈಸ್ ಫೀಲ್ಡ್'ಗೆ ಕನ್ನಡ ಪದ ಹುಡುಕುವಲ್ಲೇ ಎಡವಿದೆ. ಸುಮ್ನೆ ಕೈಗೆ ಬಂದಂತೆ 'ನೆರೆ ಬಂದ ಭತ್ತದ ಗದ್ದೆ' ಎಂದು ಬರೆದೆ. ಓದಿದವರು ಪರಿಹಾರ ಸಿಕ್ಕಿತಾ ಅಂತ ಕೇಳಬೇಕು, ಹಾಗಿದೆ! ನೆರೆ ತಾನಾಗಿ ನುಗ್ಗುವುದು. ಇದು ಬದು ಹಾಕಿ ಬೇಕೆಂದೇ ನಿಲ್ಲಿಸಿದ ನೀರು. ಆಳ ಸಾಮಾನ್ಯವಾಗಿ 5ರಿಂದ 10 ಸೆಂಟಿಮೀಟರ್, ಅಷ್ಟೇ.

'ನಿಂತ ನೀರು' ಅನ್ನೋಣವೆಂದರೆ ಆ ಮಾತಿಗೆ ಕೊಳೆತದ್ದು, ಕದಲದ್ದು ಎಂಬ ಅರ್ಥ ಅಂಟಿಕೊಂಡಿದೆ. ಗದ್ದೆಯ ನೀರು ಒಂದೇ ದಿನದಲ್ಲಿ ಎಷ್ಟು ಬದಲಾಗುತ್ತದೆ ಗೊತ್ತಾ? ಹಗಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಹಾಗಾಗಿ ಮಧ್ಯಾಹ್ನದ ಹೊತ್ತಿಗೆ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 9 ದಾಟುವುದೂ ಉಂಟು. ರಾತ್ರಿ ಆಮ್ಲಜನಕ ಮಾಡುವವರಿಲ್ಲ, ಉಸಿರಾಡುವವರೇ ಎಲ್ಲ. ಬೆಳಗಿನ ಜಾವಕ್ಕೆ ಆಮ್ಲಜನಕ ಪಾತಾಳ ಕಂಡಿರುತ್ತದೆ. ನಾಟಿಯಾದ ಹೊಸತರಲ್ಲಿ ಬಿಸಿಲು ನೇರ ಬೀಳುವುದರಿಂದ ಪಾಚಿ ಜಾಸ್ತಿ. ಅದನ್ನು ಮೇಯಲು ನೀರುಚಿಗಟ (ಚುಕ್ಕೆಯಷ್ಟು ಸಣ್ಣ ನೀರಿನ ಜೀವಿ), ಬಸವನಹುಳು, ಗೊದಮೊಟ್ಟೆ. ಹೀಗೆ ಮೇಯುವವರನ್ನು ಹಿಡಿದು ತಿನ್ನಲು ಏರೋಪ್ಲೇನ್ ಚಿಟ್ಟೆಯ ಮರಿ. (ನೀರೊಳಗಿನ ಹುಳಕ್ಕೆ ಏರೋಪ್ಲೇನ್ ಎನ್ನುವುದು ತಮಾಷೆಯೇ.) ಪೈರು ಒತ್ತಾಗಿ ಬೆಳೆದು ನೆರಳು ಕವಿದ ಮೇಲೆ ಪಾಚಿಯ ಆಟ ಮುಗಿಯಿತು.

'ನೀರು ಕಟ್ಟಿದ ಗದ್ದೆ' ಕಿವಿಗೆ ಹಿತ. ಆದರೆ ಬೇಸಾಯದ ಮಾತಿನಲ್ಲಿ ನೀರು ಕಟ್ಟುವುದು ಎಂದರೆ ಹಾಯಿಸುವುದು. ಕಬ್ಬಿಗೂ ನೀರು ಕಟ್ಟುತ್ತಾರೆ, ಅಲ್ವಾ? ನಿಲ್ಲಿಸಿದ್ದು ಎಂಬ ಅರ್ಥ ಅಲ್ಲಿ ಬರುವುದಿಲ್ಲ.

ಆಮೇಲೆ ಹೊಳೆಯಿತು, ಬರೀ 'ಗದ್ದೆ' ಸಾಕೇನೋ. ಒಣ ಬೇಸಾಯಕ್ಕೆ ಹೊಲ, ನೀರಿನ ಬೇಸಾಯಕ್ಕೆ ಗದ್ದೆ. ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕಾದ್ದು ನಮ್ಮ ಪದದೊಳಗೇ ಇದೆ. ಹೆಚ್ಚಿನ ಕಡೆ ಹಾಗೆಯೇ ಬರೆದೆ. ತೊಡಕಾಗುವುದು ನೀರು ಬಸಿದ ಮೇಲೆ. ಆಗಲೂ ಅದು ಗದ್ದೆಯೇ, ಆದರೆ ಬಸವನಹುಳುಗಳು ಮಣ್ಣೊಳಗೆ ಹುದುಗಿ ಕೂತಿರುತ್ತವೆ. ಎಷ್ಟೋ ಸಣ್ಣ ಜೀವಿಗಳ ಮೊಟ್ಟೆಗಳು ಒಣಗಿದ ಕೆಸರಲ್ಲೇ ಕಾದಿದ್ದು, ಮತ್ತೆ ನೀರು ಬಂದಾಗ ಒಡೆಯುತ್ತವೆ. ಈ ಎರಡು ಸ್ಥಿತಿಗಳನ್ನು ಬೇರೆಬೇರೆಯಾಗಿ ಹೇಳಲೇಬೇಕು.

ಸದ್ಯಕ್ಕೆ 'ನೀರು ನಿಲ್ಲಿಸಿದ ಗದ್ದೆ', 'ನೀರು ಬಸಿದ ಗದ್ದೆ' ಎಂದು ಇಟ್ಟುಕೊಂಡಿದ್ದೇನೆ. ಆ ನೀರಿಗೆ 'ನಿಲುನೀರು' ಅಂದರೆ ಒಪ್ಪುತ್ತದೆಯೇ? ಅಥವಾ ಗದ್ದೆಗೆ ಇಳಿಯುವವರ ಬಾಯಲ್ಲಿ ಇದಕ್ಕೆ ಆಗಲೇ ಬೇರೆ ಪದವಿದೆಯೇ?