ಬ್ಯಾಟರಿ ಟರ್ಮಿನಲ್‌ಗೆ ಮತ್ತೆ ಮತ್ತೆ ಕಿಲುಬು: ತಪ್ಪು ಮಳೆಯದೋ, ನನ್ನದೋ?

ಗಾಳಿಬೀಡಿನವ

ಎಲ್ಲರಿಗೂ ನಮಸ್ಕಾರ. ಕೊಡಗಿನ ಗಾಳಿಬೀಡಿನ ನಮ್ಮ ತೋಟದ ಮನೆಯಲ್ಲಿ ಹಳೆಯ ಡೀಸೆಲ್ ಜೀಪೊಂದಿದೆ. ಅದರ ಬ್ಯಾಟರಿ ಹಾಕಿಸಿ ಎರಡು ವರ್ಷವಾಯಿತು. ಜೂನ್ ತಿಂಗಳಲ್ಲಿ ಮಳೆ ಹಿಡಿದುಕೊಂಡಿತೆಂದರೆ ಪಾಸಿಟಿವ್ ಟರ್ಮಿನಲ್‌ನ ಕ್ಲಾಂಪಿನ ಸುತ್ತ ಬಿಳಿ ಮತ್ತು ನೀಲಿ-ಹಸಿರು ಬಣ್ಣದ ಪುಡಿ ಬೂಷ್ಟು ಬೆಳೆದ ಹಾಗೆ ಬೆಳೆಯುತ್ತದೆ. ಬಿಚ್ಚಿ, ಉಜ್ಜಿ, ಬ್ಯಾಟರಿಯ ಸೀಸದ ಗೂಟವಾದ ಪೋಸ್ಟಿಗೂ ಕೇಬಲಿನ ತುದಿಯ ಕ್ಲಾಂಪಿಗೂ ಧಾರಾಳವಾಗಿ ಗ್ರೀಸ್ ಮೆತ್ತಿ ಕೂರಿಸುತ್ತೇನೆ. ಒಂದೂವರೆ ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ಸ್ಥಿತಿ.

ಕೆಲವು ವಾರಗಳ ಹಿಂದೆ ಒಂದು ಶುಕ್ರವಾರ ಮಡಿಕೇರಿಯ ಸಂತೆಗೆ ಹೋಗಿದ್ದೆ. ಹೊರಡುವಾಗ ಕೀಲಿ ತಿರುಗಿಸಿದರೆ 'ಟಕ್' ಎಂಬ ಸದ್ದಿನ ಹೊರತು ಬೇರೇನೂ ಆಗಲಿಲ್ಲ. ಹೆಡ್‌ಲೈಟು ಚೆನ್ನಾಗಿಯೇ ಉರಿಯುತ್ತಿತ್ತು, ಹಾರನ್ನೂ ಕೂಗುತ್ತಿತ್ತು. ನಾಲ್ಕು ಜನ ಇಳಿಜಾರಿನಲ್ಲಿ ತಳ್ಳಿಕೊಟ್ಟ ಮೇಲೆ ಮನೆ ಸೇರಿದೆ.

ಮನೆಯಲ್ಲಿ ಅಮ್ಮನ ಸಲಹೆಯಂತೆ ಹಿತ್ತಾಳೆ ಪಾತ್ರೆ ಬೆಳಗುವ ಹಾಗೆ ಹುಣಸೆಹಣ್ಣಿನಿಂದ ಉಜ್ಜಿದೆ. ಅದು ಸಾಲದೆಂದು ನಮ್ಮ ಕಡೆಯ ಅಡುಗೆಯ ಹುಳಿಯಾದ ಕಾಚಂಪುಳಿಯನ್ನೂ ಸ್ವಲ್ಪ ಹಚ್ಚಿದೆ. ಕ್ಲಾಂಪೇನೋ ಫಳಫಳ ಹೊಳೆಯಿತು, ಆದರೆ ಹದಿನೈದೇ ದಿನಕ್ಕೆ ನೀಲಿ ಪುಡಿ ಹಿಂದಿಗಿಂತ ಹೆಚ್ಚಾಗಿ ಬಂದಿದೆ. ಬ್ಯಾಟರಿಯ ಮೇಲೆ ತಾಮ್ರದ ನಾಣ್ಯ ಇಟ್ಟರೆ ನಿಲ್ಲುತ್ತದೆ ಎಂದು ಪಕ್ಕದ ತೋಟದವರು ಹೇಳುತ್ತಾರೆ. ನಮ್ಮ ಕಡೆಯ ಮಳೆಯೇ ಇದಕ್ಕೆ ಕಾರಣವೇ? ಅಥವಾ ನಾನು ಮಾಡುತ್ತಿರುವ ಕ್ರಮದಲ್ಲಿಯೇ ತಪ್ಪಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ವಿರಾಜಪೇಟೆ ಎಲೆಕ್ಟ್ರಿಷಿಯನ್

ಮೂವತ್ತು ವರ್ಷ ವಾಹನಗಳ ವೈರಿಂಗ್ ಕೆಲಸ ಮಾಡಿದವನು ನಾನು. ಮೊದಲು ಮಳೆಯ ಮಾತನ್ನು ಮುಗಿಸಿಬಿಡೋಣ. ಬರಿಯ ಮಳೆನೀರಿನಿಂದ ಆ ಪುಡಿ ಹುಟ್ಟುವುದಿಲ್ಲ. ಅದು ಹುಟ್ಟುವುದು ಬ್ಯಾಟರಿಯ ಒಳಗಿನ ಗಂಧಕಾಮ್ಲದಿಂದ. ಚಾರ್ಜ್ ಆಗುವಾಗ, ವಿಶೇಷವಾಗಿ ತುಂಬಿದ ಮೇಲೂ ಚಾರ್ಜ್ ಆಗುತ್ತಲೇ ಇರುವಾಗ, ಒಳಗಿನ ನೀರು ಜಲಜನಕ ಮತ್ತು ಆಮ್ಲಜನಕವಾಗಿ ಒಡೆದು ಗುಳ್ಳೆಗಳಾಗಿ ಮೇಲೇಳುತ್ತದೆ. ಆ ಗುಳ್ಳೆಗಳು ಒಡೆದಾಗ ಆಸಿಡ್ಡಿನ ಸೂಕ್ಷ್ಮ ಹನಿಗಳು ಮುಚ್ಚಳದ ತೂತಿನಿಂದ ಹೊರಬಂದು ಬ್ಯಾಟರಿಯ ಮೇಲ್ಮೈಯಲ್ಲಿ ಕೂರುತ್ತವೆ. ಪೋಸ್ಟು ಪ್ಲಾಸ್ಟಿಕ್ಕಿನಿಂದ ಹೊರಬರುವ ಜಾಗದ ಸೀಲು ಸಡಿಲವಾಗಿದ್ದರೆ ಅಲ್ಲಿಂದಲೂ ಆಸಿಡ್ಡು ಜಿನುಗುತ್ತದೆ. ಸೀಸವನ್ನು ಅದು ಹಿಡಿದಾಗ ಬಿಳಿ ಪುಡಿ, ಕೇಬಲಿನ ತಾಮ್ರವನ್ನು ಹಿಡಿದಾಗ ನೀಲಿ ಪುಡಿ.

ಹಾಗಾದರೆ ಮಳೆಗಾಲದಲ್ಲಿಯೇ ಏಕೆ ಹೆಚ್ಚು ಎಂದು ನೀವು ಕೇಳಬಹುದು. ಗಂಧಕಾಮ್ಲಕ್ಕೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ಬೇಸಿಗೆಯಲ್ಲಿ ಧೂಳಿನೊಂದಿಗೆ ಒಣಗಿ ಕೂರುವ ಪದರ, ಗಾಳಿಬೀಡಿನಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ. ಎರಡು ಪೋಸ್ಟುಗಳ ನಡುವೆ ಆ ಒದ್ದೆ ಪದರದ ಮೂಲಕವೇ ಸಣ್ಣದಾಗಿ ಕರೆಂಟು ಹರಿಯುತ್ತಿರುತ್ತದೆ, ಪಾಸಿಟಿವ್ ಬದಿಯ ತಾಮ್ರ ಕರಗುತ್ತಾ ಹೋಗುತ್ತದೆ. ಮಲ್ಟಿಮೀಟರಿನ ಕಪ್ಪು ತಂತಿಯನ್ನು ನೆಗೆಟಿವ್ ಪೋಸ್ಟಿಗೆ ಹಿಡಿದು, ಕೆಂಪು ತಂತಿಯ ಮೊನೆಯನ್ನು ಬ್ಯಾಟರಿಯ ಪ್ಲಾಸ್ಟಿಕ್ಕಿನ ಮೇಲೆ ಸುಮ್ಮನೆ ಓಡಿಸಿ ನೋಡಿ. ಅಲ್ಲಿ ವೋಲ್ಟೇಜು ತೋರಿಸಿದರೆ ಮೇಲ್ಮೈಯಲ್ಲಿ ಆಸಿಡ್ಡಿದೆ ಎಂದೇ ತಿಳಿಯಿರಿ.

ಲೈಟು ಉರಿದರೂ ಸೆಲ್ಫ್ ಹೊಡೆಯದಿರುವುದರಲ್ಲಿ ಆಶ್ಚರ್ಯವೇನಿಲ್ಲ. ಕಿಲುಬಿನಿಂದ ಕೇವಲ 0.01 ಓಮ್‌ನಷ್ಟು ತಡೆ ಬಂದಿದೆ ಎಂದುಕೊಳ್ಳಿ. 10 ಆಂಪಿಯರ್ ಎಳೆಯುವ ದೀಪಕ್ಕೆ ಅಲ್ಲಿ ನಷ್ಟವಾಗುವುದು 0.1 ವೋಲ್ಟ್ ಮಾತ್ರ. ಡೀಸೆಲ್ ಇಂಜಿನ್ನಿನ ಸೆಲ್ಫ್ ಮೋಟಾರು 200 ಆಂಪಿಯರ್ ಎಳೆಯುವಾಗ ಅದೇ ಜಾಗದಲ್ಲಿ 2 ವೋಲ್ಟ್ ಹೋಗುತ್ತದೆ.

ಶುಚಿ ಮಾಡುವ ಕ್ರಮ ಹೀಗಿರಲಿ. ಇಂಜಿನ್ ಆರಿಸಿ, ಮೊದಲು ನೆಗೆಟಿವ್ ಕ್ಲಾಂಪನ್ನು ಬಿಚ್ಚಿ, ಆಮೇಲೆ ಪಾಸಿಟಿವ್ ಬಿಚ್ಚಿ. ಕೂರಿಸುವಾಗ ಇದಕ್ಕೆ ತಿರುಗುಮುರುಗು. ಮೊದಲು ಪಾಸಿಟಿವ್ ಬಿಚ್ಚಲು ಹೋದರೆ ಸ್ಪ್ಯಾನರು ಗಾಡಿಯ ಲೋಹದ ಮೈಗೆ ತಗುಲಿ ಶಾರ್ಟ್ ಆಗಬಹುದು. ಹೊರಗೆ ಜಲಜನಕವಿರುವಾಗ ಒಂದು ಕಿಡಿ ಹಾರಿದರೂ ಬ್ಯಾಟರಿ ಸಿಡಿಯಬಹುದು, ಆದ್ದರಿಂದ ಬೀಡಿ ಸಿಗರೇಟು ಹತ್ತಿರ ಬರಬಾರದು. ಕ್ಲಾಂಪು ಪೋಸ್ಟಿಗೆ ಅಂಟಿಕೊಂಡಿದ್ದರೆ ಸುತ್ತಿಗೆಯಿಂದ ಹೊಡೆಯಬೇಡಿ, ಬಾಯಿಯನ್ನು ಸ್ಕ್ರೂಡ್ರೈವರಿನಿಂದ ನಿಧಾನವಾಗಿ ಅಗಲಿಸಿ. ಸೆಲ್ಲುಗಳ ಮುಚ್ಚಳ ಬಿಗಿಯಾಗಿವೆಯೇ ಎಂದು ನೋಡಿಕೊಂಡು, ಒಂದು ಲೋಟ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡ ಕಲಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ನೊರೆ ಏಳುವಷ್ಟು ಹೊತ್ತೂ ಆಸಿಡ್ಡು ಉಳಿದಿದೆ ಎಂದರ್ಥ. ನೊರೆ ನಿಂತ ಮೇಲೆ ಸಾದಾ ನೀರಿನಿಂದ ತೊಳೆದು ಒರೆಸಿ ಒಣಗಿಸಿ. ಸೋಡದ ನೀರು ಸೆಲ್ಲಿನ ಒಳಗೆ ಹೋದರೆ ಒಳಗಿನ ಆಸಿಡ್ಡನ್ನೇ ಕೆಡಿಸುತ್ತದೆ, ಅಷ್ಟು ಎಚ್ಚರವಿರಲಿ. ಆ ಪುಡಿಯಲ್ಲಿ ಸೀಸವಿರುವುದರಿಂದ ಬಾಯಿಂದ ಊದಬಾರದು, ಕೆಲಸವಾದ ಮೇಲೆ ಕೈಯನ್ನು ಸೋಪು ಹಚ್ಚಿ ತೊಳೆಯಬೇಕು. ನಂತರ ಪೋಸ್ಟನ್ನೂ ಕ್ಲಾಂಪಿನ ಒಳಮೈಯನ್ನೂ ಉಪ್ಪುಕಾಗದದಿಂದ ಹೊಳೆಯುವವರೆಗೆ ತಿಕ್ಕಿ, ಒಣ ಲೋಹಕ್ಕೆ ಒಣ ಲೋಹ ತಾಗುವಂತೆ ಬಿಗಿದು, ಪೆಟ್ರೋಲಿಯಂ ಜೆಲ್ಲಿಯನ್ನು ಹೊರಗಿನಿಂದ ಸವರಿ.

ನಿಮ್ಮ ಅಮ್ಮನವರ ಸಲಹೆಯನ್ನು ತಪ್ಪೆನ್ನಲು ಮನಸ್ಸು ಬರುವುದಿಲ್ಲ, ಹಿತ್ತಾಳೆಗೆ ಅದು ಸರಿಯಾದದ್ದೇ. ಆದರೆ ಹುಣಸೆಯೂ ಕಾಚಂಪುಳಿಯೂ ಹುಳಿ, ಅಂದರೆ ಆಮ್ಲ. ಆಮ್ಲದಿಂದ ಆದ ಗಾಯಕ್ಕೆ ಮತ್ತೆ ಆಮ್ಲವನ್ನೇ ಸವರಿದಂತಾಯಿತು. ಕಾಚಂಪುಳಿ ಪಂದಿಕರಿಗೇ ಇರಲಿ. ತಾಮ್ರದ ನಾಣ್ಯವನ್ನು ಇಟ್ಟರೆ ನಾಣ್ಯವೂ ನೀಲಿಯಾಗುತ್ತದೆ, ಅದರಿಂದ ಆಸಿಡ್ಡು ಹೊರಬರುವುದು ನಿಲ್ಲುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದೂವರೆ ತಿಂಗಳಿಗೆ ಮರಳಿ ಬರುವುದು ಸಹಜವಲ್ಲ. ಮೂರು ವಿಷಯ ನೋಡಿ ತಿಳಿಸಿ: ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಯ ವೋಲ್ಟೇಜು, ಇಂಜಿನ್ನನ್ನು ಸ್ವಲ್ಪ ರೈಸ್ ಮಾಡಿ ಹಿಡಿದಾಗಿನ ವೋಲ್ಟೇಜು, ಮತ್ತು ಸೆಲ್ಲುಗಳಲ್ಲಿ ನೀರು ಎಷ್ಟು ಬೇಗ ಇಳಿಯುತ್ತಿದೆ ಎಂಬುದು.

ಸಿದ್ದಾಪುರದ ಬೆಳೆಗಾರ

ಮೇಲಿನವರು ಹೇಳಿದ ನೀಲಿ ಪುಡಿ ನಮಗೆಲ್ಲ ಚಿರಪರಿಚಿತವಾದ ವಸ್ತು. ಅದು ಮೈಲುತುತ್ತವೇ. ಮೆಣಸಿನ ಬಳ್ಳಿಗೆ ರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಸುಣ್ಣದ ಜೊತೆ ಒಂದು ಕೆ.ಜಿ. ಕಲಸುತ್ತೇವಲ್ಲ, ಅದೇ ಕಾಪರ್ ಸಲ್ಫೇಟು. ದ್ರಾವಣ ಸಿದ್ಧವಾದ ಮೇಲೆ ಕತ್ತಿಯ ಅಲಗನ್ನು ಅದ್ದಿ ನೋಡುವ ಪದ್ಧತಿಯಿದೆ. ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು ಎಂದರ್ಥ. ಟರ್ಮಿನಲ್‌ನಿಂದ ಉದುರಿದ ನೀಲಿ ಪುಡಿ ಬ್ಯಾಟರಿ ಕೂರುವ ಕಬ್ಬಿಣದ ತಟ್ಟೆಯ ಮೇಲೆ ಬಿದ್ದಾಗಲೂ ಆಗುವುದು ಅದೇ ಕ್ರಿಯೆ: ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗುತ್ತದೆ. ನನ್ನ ಪಿಕಪ್ಪಿನ ತಟ್ಟೆ ಹೀಗೆಯೇ ತೂತು ಬಿದ್ದುಹೋಯಿತು. ಆದ್ದರಿಂದ ಬ್ಯಾಟರಿಯನ್ನು ಎತ್ತಿ ಕೆಳಗಿನ ತಟ್ಟೆಯನ್ನೂ ಸೋಡದ ನೀರಿನಿಂದ ತೊಳೆದು ಬಣ್ಣ ಬಳಿಯುವುದನ್ನು ಮರೆಯಬೇಡಿ.

ಒಂದು ಸಂಶಯ. ಆಮ್ಲವನ್ನು ಅಡಗಿಸಲು ಸುಣ್ಣದ ತಿಳಿನೀರು ಸಾಲದೇ? ಸುಣ್ಣ ನಮ್ಮ ಗೋದಾಮಿನಲ್ಲಿ ಯಾವಾಗಲೂ ಇರುತ್ತದೆ.

ವಿರಾಜಪೇಟೆ ಎಲೆಕ್ಟ್ರಿಷಿಯನ್

ಬೆಳೆಗಾರರೇ, ಸುಣ್ಣ ಆಮ್ಲವನ್ನು ಅಡಗಿಸುವುದು ನಿಜ. ಆದರೆ ಗಂಧಕಾಮ್ಲದೊಡನೆ ಸೇರಿ ಅದು ಜಿಪ್ಸಂ ಆಗುತ್ತದೆ. ಜಿಪ್ಸಂ ನೀರಿನಲ್ಲಿ ಸುಲಭವಾಗಿ ಕರಗದೆ ಸಂದುಗಳಲ್ಲಿ ಗಾರೆಯ ಹಾಗೆ ಕೂರುತ್ತದೆ. ಸೋಡದಿಂದ ಆಗುವ ಉಪ್ಪು ನೀರಿನಲ್ಲಿ ಕರಗಿ ಹೋಗುತ್ತದೆ.

ಕುಶಾಲನಗರ ನಿವಾಸಿ

ಮಳೆಯ ವಿಷಯಕ್ಕೆ ನನ್ನದೊಂದು ಸಾಕ್ಷಿ. ಗಾಳಿಬೀಡಿಗೆ ಹೋಲಿಸಿದರೆ ನಮ್ಮ ಕುಶಾಲನಗರದಲ್ಲಿ ಮಳೆ ಬಹಳ ಕಡಿಮೆ, ನನ್ನ ಕಾರು ನಿಲ್ಲುವುದೂ ಮುಚ್ಚಿದ ಗ್ಯಾರೇಜಿನಲ್ಲಿ. ಆದರೂ ಹಿಂದಿನ ಬ್ಯಾಟರಿಗೆ ಇದೇ ಪುಡಿ ಹಿಡಿಯುತ್ತಿತ್ತು. ನಾನೇ ಪ್ರತಿ ಸಲ ಸೆಲ್ಲಿನ ಕತ್ತಿನವರೆಗೆ ನೀರು ತುಂಬುತ್ತಿದ್ದೆ, ಚಾರ್ಜ್ ಆಗುವಾಗ ಅದು ಉಬ್ಬಿ ಮುಚ್ಚಳದಿಂದ ಉಕ್ಕುತ್ತಿತ್ತು. ಪ್ಲೇಟುಗಳ ಮೇಲೆ ಸುಮಾರು ಒಂದು ಸೆಂಟಿಮೀಟರ್ ನಿಲ್ಲುವಷ್ಟು ಮಾತ್ರ, ಅದನ್ನೂ ಚಾರ್ಜ್ ಆದ ಮೇಲೆ ಹಾಕತೊಡಗಿದಂದಿನಿಂದ ತೊಂದರೆ ಬಹುಮಟ್ಟಿಗೆ ಕಡಿಮೆಯಾಯಿತು. ಹಾಕುವುದು ಡಿಸ್ಟಿಲ್ಡ್ ನೀರೇ ಆಗಿರಬೇಕು. ಮಳೆನೀರೂ ಶುದ್ಧವೇ ಎಂದು ಹೆಂಚಿನ ಮಾಡಿನ ನೀರನ್ನು ಹಿಡಿದು ಹಾಕುವವರನ್ನು ನಾನು ಕಂಡಿದ್ದೇನೆ, ಮಾಡಿನ ಮೇಲಿನ ಪಾಚಿ, ಧೂಳು, ಹಕ್ಕಿಯ ಹಿಕ್ಕೆ ಎಲ್ಲವೂ ಅದರೊಳಗಿರುತ್ತದೆ.

ಎಲೆಕ್ಟ್ರಿಷಿಯನ್ ಅವರ ಒಂದು ಮಾತಿಗೆ ಮಾತ್ರ ನನ್ನ ಸಹಮತವಿಲ್ಲ. ಜೆಲ್ಲಿಯನ್ನು ಹೊರಗಿನಿಂದ ಮಾತ್ರ ಸವರಬೇಕು ಎಂದಿದ್ದೀರಿ. ನಾನು ಹತ್ತು ವರ್ಷದಿಂದ ಪೋಸ್ಟಿಗೇ ತೆಳುವಾಗಿ ಸವರಿ ಮೇಲೆ ಕ್ಲಾಂಪು ಕೂರಿಸುತ್ತಿದ್ದೇನೆ. ಒಂದು ದಿನವೂ ಸೆಲ್ಫ್ ತಪ್ಪಿಲ್ಲ.

ವಿರಾಜಪೇಟೆ ಎಲೆಕ್ಟ್ರಿಷಿಯನ್

ನೀವು ಹೇಳುವುದರಲ್ಲಿಯೂ ಹುರುಳಿದೆ. ಸೀಸ ಮೃದುವಾದ ಲೋಹ. ಶುಚಿಯಾದ ಪೋಸ್ಟಿನ ಮೇಲೆ ಕ್ಲಾಂಪನ್ನು ಬಿಗಿದಾಗ ತೆಳು ಜೆಲ್ಲಿ ಪಕ್ಕಕ್ಕೆ ಸರಿದು ಲೋಹಕ್ಕೆ ಲೋಹ ತಾಗುತ್ತದೆ, ಉಳಿದ ಸಂದುಗಳಲ್ಲಿ ಜೆಲ್ಲಿ ನಿಂತು ತೇವವನ್ನು ತಡೆಯುತ್ತದೆ. ನಿಮ್ಮ ಕೈ ಹಗುರವಾಗಿರುವುದರಿಂದ ನಡೆದಿದೆ. ನಾನು ಬೇಡವೆನ್ನುವುದು ಏಕೆಂದರೆ, 'ಸ್ವಲ್ಪ ಸವರಿ' ಎಂದರೆ ಹತ್ತರಲ್ಲಿ ಎಂಟು ಜನ ವೀಲ್ ಬೇರಿಂಗಿನ ಗ್ರೀಸನ್ನು ಮುದ್ದೆಯಾಗಿ, ಅದೂ ಅರೆಬರೆ ಉಜ್ಜಿದ ಪೋಸ್ಟಿಗೆ ಮೆತ್ತುತ್ತಾರೆ. ಒಳಗೆ ಉಳಿದ ಆಸಿಡ್ಡಿಗೆ ಅದು ಮುಚ್ಚಳವಾಗುತ್ತದೆಯೇ ಹೊರತು ರಕ್ಷಣೆಯಾಗುವುದಿಲ್ಲ. ಗಾಳಿಬೀಡಿನವರು ಮಾಡಿದ್ದೂ ಅದನ್ನೇ ಎಂದು ನನ್ನ ಅನುಮಾನ.

ಗಾಳಿಬೀಡಿನವ

ಅನುಮಾನ ನಿಜ, ವೀಲ್ ಬೇರಿಂಗಿನ ಗ್ರೀಸೇ ಹೌದು. ನೀವು ಹೇಳಿದಂತೆ ಅಳತೆ ತೆಗೆದಿದ್ದೇನೆ. ರಾತ್ರಿ ನಿಂತ ಮೇಲೆ ಬೆಳಿಗ್ಗೆ 12.6 ವೋಲ್ಟ್. ಇಂಜಿನ್ ರೈಸ್ ಮಾಡಿದಾಗ 15.3 ವೋಲ್ಟ್. ಸೆಲ್ಲುಗಳಲ್ಲಿ ನೀರು ಮೂರು ವಾರಕ್ಕೊಮ್ಮೆ ಪ್ಲೇಟಿನ ಮಟ್ಟಕ್ಕೆ ಇಳಿಯುತ್ತಿದೆ. ಹಳೆಯ ಬ್ಯಾಟರಿಗೆ ಬಾಯಾರಿಕೆ ಹೆಚ್ಚು ಎಂದುಕೊಂಡು ನಾನು ತುಂಬುತ್ತಲೇ ಇದ್ದೆ. ಪ್ಲಾಸ್ಟಿಕ್ಕಿನ ಮೇಲೆ ಮೀಟರಿನ ಮೊನೆ ಇಟ್ಟಾಗ ಕೆಲವು ಕಡೆ 3 ವೋಲ್ಟಿನಷ್ಟು ತೋರಿಸಿತು. ಸೋಡದಿಂದ ತೊಳೆದ ಮೇಲೆ ಅದು ಸೊನ್ನೆಗೆ ಬಂತು.

ಇನ್ನೊಂದು ವಿಷಯ. ಇಷ್ಟು ಶುಚಿ ಮಾಡಿ ಬಿಗಿದ ಮೇಲೂ ಸೆಲ್ಫ್ ಸೋಮಾರಿಯಾಗಿಯೇ ತಿರುಗುತ್ತಿದೆ.

ವಿರಾಜಪೇಟೆ ಎಲೆಕ್ಟ್ರಿಷಿಯನ್

ಮೂಲ ಸಿಕ್ಕಿತು. ನಿಮ್ಮ ಜೀಪಿನ ಕಾಲದ ಗಾಡಿಗಳಲ್ಲಿ ಚಾರ್ಜಿಂಗ್ 13.8ರಿಂದ 14.5 ವೋಲ್ಟಿನೊಳಗೆ ಇರಬೇಕು. 15.3 ಎಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರು, ನಮ್ಮವರು ಕಟ್‌ಔಟ್ ಎನ್ನುತ್ತಾರಲ್ಲ, ಅದು ಕೆಟ್ಟಿದೆ, ಇಲ್ಲವೇ ಅದರ ಅರ್ತ್, ಅಂದರೆ ಗಾಡಿಯ ಲೋಹದ ಮೈಗೆ ಕೂಡುವ ಸಂಪರ್ಕ, ಸರಿಯಾಗಿ ಕೂತಿಲ್ಲ. ಬ್ಯಾಟರಿ ಕುದಿಯುತ್ತಿದೆ, ನೀರು ಅನಿಲವಾಗಿ ಒಡೆದು ಹೋಗುತ್ತಿದೆ, ಆಸಿಡ್ಡಿನ ಮಂಜು ಟರ್ಮಿನಲ್ ಮೇಲೆ ಕೂರುತ್ತಿದೆ. ಇದನ್ನು ಸರಿಪಡಿಸದೆ ಏನು ಸವರಿದರೂ ಪ್ರಯೋಜನವಿಲ್ಲ. ಮೊದಲು ರೆಗ್ಯುಲೇಟರಿನ ಅರ್ತ್ ಬೋಲ್ಟನ್ನು ಬಿಚ್ಚಿ ಉಜ್ಜಿ ಬಿಗಿದು ಮತ್ತೆ ಅಳೆಯಿರಿ. ಇಳಿಯದಿದ್ದರೆ ಬದಲಾಯಿಸಿ.

ಸೆಲ್ಫ್ ಸೋಮಾರಿಯಾಗಿರುವುದಕ್ಕೆ ಬೇರೆ ಪರೀಕ್ಷೆಯಿದೆ. ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಮೀಟರಿನ ಒಂದು ಮೊನೆಯನ್ನು ಪಾಸಿಟಿವ್ ಪೋಸ್ಟಿನ ನೆತ್ತಿಗೆ, ಇನ್ನೊಂದನ್ನು ಸೆಲ್ಫ್ ಮೋಟಾರಿಗೆ ಬರುವ ಅದೇ ಕೇಬಲಿನ ತುದಿಗೆ ಹಿಡಿಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಕೇಬಲಿನಲ್ಲಿದೆ. ವರ್ಷಗಟ್ಟಲೆ ಆಸಿಡ್ಡು ತಾಗಿದ ಕೇಬಲಿನಲ್ಲಿ ಅದು ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ರಬ್ಬರಿನ ಒಳಗೆ ಏರಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಹಾಗೆಯೇ ನೆಗೆಟಿವ್ ಪೋಸ್ಟಿನಿಂದ ಇಂಜಿನ್ನಿನ ಬರಿ ಲೋಹದವರೆಗೂ ಅಳೆಯಿರಿ. ಟರ್ಮಿನಲ್ ಬದಿಯನ್ನು ಎಲ್ಲರೂ ನೋಡುತ್ತಾರೆ, ಅರ್ತ್ ಕೇಬಲಿನ ಇನ್ನೊಂದು ತುದಿ ಕೆಸರಿನಡಿಯಲ್ಲಿ ಏನಾಗಿದೆಯೆಂದು ನೋಡುವವರು ಕಡಿಮೆ.

ಗಾಳಿಬೀಡಿನವ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಗಾಳಿಮಳೆಗೆ ನಾಲ್ಕು ದಿನ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ.

ರೆಗ್ಯುಲೇಟರಿನ ಅರ್ತ್ ಉಜ್ಜಿದಾಗ 15.3 ಇದ್ದದ್ದು 15.1ಕ್ಕೆ ಇಳಿಯಿತಷ್ಟೆ, ಹೊಸತು ಹಾಕಿಸಿದ ಮೇಲೆ 14.2ರಲ್ಲಿ ನಿಂತಿದೆ. ಪಾಸಿಟಿವ್ ಕೇಬಲಿನಲ್ಲಿ ಸೆಲ್ಫ್ ಹೊಡೆಯುವಾಗ 1.1 ವೋಲ್ಟ್ ನಷ್ಟ ತೋರಿಸಿತು. ಕ್ಲಾಂಪಿನ ಹತ್ತಿರ ರಬ್ಬರನ್ನು ಸೀಳಿ ನೋಡಿದರೆ ಒಂದು ಗೇಣಿನವರೆಗೆ ತಂತಿ ಕಪ್ಪಾಗಿ ಹಸಿರಾಗಿ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತಿತ್ತು. ಕತ್ತರಿಸಿ ತುದಿಗೆ ಹೊಸ ಲಗ್ (ಲೋಹದ ಹಿಡಿಕೆ) ಹಾಕಿಸೋಣವೆಂದರೆ ಉದ್ದ ಸಾಲಲಿಲ್ಲ, ಆದ್ದರಿಂದ ಇಡೀ ಕೇಬಲನ್ನೇ ಬದಲಾಯಿಸಿದೆ. ಅರ್ತ್ ಬದಿಯಲ್ಲಿ 0.1 ವೋಲ್ಟ್ ಮಾತ್ರ ಇದ್ದುದರಿಂದ ಅದನ್ನು ಬಿಚ್ಚಿ ಶುಚಿಮಾಡಿ ಹಾಗೆಯೇ ಬಿಗಿದಿದ್ದೇನೆ.

ಇದಾಗಿ ಏಳು ವಾರವಾಯಿತು, ನಿನ್ನೆ ನಮ್ಮ ಕಡೆಯ ಆಯುಧಪೂಜೆಯಾದ ಕೈಲ್‌ಪೊಳ್ದ್ ಹಬ್ಬಕ್ಕೆ ಜೀಪು ತೊಳೆಯುವಾಗ ಬಾನೆಟ್ ಎತ್ತಿ ನೋಡಿದೆ. ಪಾಸಿಟಿವ್ ಬದಿಯಲ್ಲಿ ನೀಲಿಯ ಸುಳಿವಿಲ್ಲ. ಪೋಸ್ಟಿನ ಬುಡದಲ್ಲಿ ಮಾತ್ರ ಉಗುರಿನಷ್ಟು ಜಾಗದಲ್ಲಿ ಬಿಳಿ ಪುಡಿ ಕಾಣುತ್ತಿದೆ. ಇದು ಆ ಸೀಲಿನಿಂದ ಜಿನುಗುತ್ತಿರುವುದೇ ಇರಬೇಕು?

ವಿರಾಜಪೇಟೆ ಎಲೆಕ್ಟ್ರಿಷಿಯನ್

ಅದೇ. ಅಷ್ಟು ದಿನ ಕುದಿದ ಬ್ಯಾಟರಿಯಲ್ಲಿ ಪೋಸ್ಟಿನ ಸೀಲು ಸ್ವಲ್ಪ ಬಿಟ್ಟಿರುತ್ತದೆ, ಅದನ್ನು ರಿಪೇರಿ ಮಾಡಲು ಬರುವುದಿಲ್ಲ. ಪೋಸ್ಟಿನ ಬುಡಕ್ಕೆ ತೂರಿಸುವ ಫೆಲ್ಟ್ ವಾಷರ್ ಸಿಗುತ್ತದೆ, ಎಣ್ಣೆಯಲ್ಲಿ ಅದ್ದಿ ಕ್ಲಾಂಪಿನ ಕೆಳಗೆ ಹಾಕಿ. ಜಿನುಗಿದ ಆಸಿಡ್ಡು ಕ್ಲಾಂಪಿಗೆ ಏರುವುದನ್ನು ಅದು ತಡೆಯುತ್ತದೆ. ತಿಂಗಳಿಗೊಮ್ಮೆ ಸೋಡದ ನೀರಿನಲ್ಲಿ ಬುಡವನ್ನು ಒರೆಸುತ್ತಿದ್ದರೆ ಈ ಬ್ಯಾಟರಿ ಬರುವ ಬೇಸಿಗೆಯವರೆಗೆ ನಡೆಯಬಹುದು. ಹೊಸತು ತರುವಾಗ ಟರ್ಮಿನಲ್ ಎಡಬಲವನ್ನು ನೋಡಿಕೊಂಡು ತನ್ನಿ, ಹೊಸ ಕೇಬಲಿನ ಉದ್ದ ಅದಕ್ಕೆ ಹೊಂದಬೇಕಲ್ಲ.