ಬ್ಯಾಕ್‌ಟೆಸ್ಟ್‌ನಲ್ಲಿ (ಹಳೆಯ ಬೆಲೆಗಳ ಮೇಲೆ ನಿಯಮದ ಪರೀಕ್ಷೆ) ಲಾಭ, ನಿಜದಲ್ಲಿ ನಷ್ಟ. ಎಲ್ಲಿ ತಪ್ಪಿದೆ?

ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯ ಲೆಕ್ಕ ಬರೆಯುತ್ತೇನೆ. ಇವತ್ತಿನ ನಿಫ್ಟಿ 50 (ಷೇರುಪೇಟೆಯ 50 ದೊಡ್ಡ ಕಂಪನಿಗಳ ಸೂಚ್ಯಂಕ) ಪಟ್ಟಿ ಹಿಡಿದು 2015ರಿಂದ ಬ್ಯಾಕ್‌ಟೆಸ್ಟ್ ಮಾಡಿದೆ. ನಿಯಮ ಇಷ್ಟೇ: ಷೇರಿನ 20 ದಿನದ ಸರಾಸರಿ ಬೆಲೆ 50 ದಿನದ ಸರಾಸರಿಯನ್ನು ಮೇಲಕ್ಕೆ ದಾಟಿದರೆ ಕೊಳ್ಳುವುದು. ಚೆನ್ನಾಗಿಯೇ ಕಾಣಿಸಿತು. ನಿಜವಾದ ದುಡ್ಡು ಹಾಕಿದ ಮೇಲೆ ಆರು ತಿಂಗಳಲ್ಲಿ ₹38,000 ಹೋಯಿತು.

ಉತ್ತರ 1 (ಚಿಂತಾಮಣಿಯಿಂದ): ಇವತ್ತಿನ ಪಟ್ಟಿ ಅಂದರೆ ಉಳಿದುಕೊಂಡವರ ಪಟ್ಟಿ ಅಲ್ವಾ ಅಣ್ಣಾ? ಯೆಸ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ನಿಫ್ಟಿಯಿಂದ ಹೊರಬಿತ್ತು. ನಿಮ್ಮ ಪರೀಕ್ಷೆಗೆ ಅದು ಸಿಕ್ಕೇ ಇಲ್ಲ. ಆಯಾ ವರ್ಷದ ಪಟ್ಟಿ ಹಾಕಿ ನೋಡಿ.

ಉತ್ತರ 2: ಡೆಲಿವರಿಯಲ್ಲಿ (ಅದೇ ದಿನ ಮಾರದೆ ಷೇರು ಇಟ್ಟುಕೊಂಡಾಗ) ಕೊಳ್ಳುವಾಗಲೂ ಮಾರುವಾಗಲೂ 0.1% ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಇದೆ. ಬ್ಯಾಕ್‌ಟೆಸ್ಟ್ ಲಾಭದಲ್ಲಿ ಅದನ್ನು ಕಳೆದಿರಾ? ಒಂದು ಷೇರಿಗೆ ಎಷ್ಟು ಹಾಕಿದ್ದಿರಿ?

ಕೇಳಿದವರು: ಕಳೆದಿರಲಿಲ್ಲ. 2 ಲಕ್ಷದಲ್ಲಿ ಅರ್ಧ ಒಂದೇ ಷೇರಿನಲ್ಲಿತ್ತು.

ಉತ್ತರ 2: ಜಾಸ್ತಿ ಹೊಡೆತ ಅಲ್ಲೇ ಬಿದ್ದಿದೆ. ನಾನು ಒಂದು ಸಲಕ್ಕೆ 1% ಮಾತ್ರ ಪಣಕ್ಕಿಡುತ್ತೇನೆ. ನಿಮಗೆ ಅದು ₹2,000. ಸ್ಟಾಪ್‌ಲಾಸ್ (ನಷ್ಟ ಸಾಕೆಂದು ಮಾರಿಬಿಡುವ ಬೆಲೆ) ಕೊಂಡ ಬೆಲೆಗಿಂತ ₹20 ಕೆಳಗಿದ್ದರೆ 100 ಷೇರು, ಅಷ್ಟೇ. ಬೆಳಿಗ್ಗೆ ಬೆಲೆ ಕುಸಿದೇ ತೆರೆದರೆ ಇನ್ನೂ ಹೆಚ್ಚು ಹೋಗಬಹುದು, ನೆನಪಿಡಿ.