ಪಿಯಾನೋದ ಲೆಟ್-ಆಫ್ ಸ್ಕ್ರೂ ನಿಲ್ಲುತ್ತಿಲ್ಲ, ಏನು ಮಾಡಬಹುದು?

ಹಳೆಯ ಅಪ್‌ರೈಟ್ ಪಿಯಾನೋ. ಕೆಲವು ಕೀ ಮೆಲ್ಲಗೆ ಒತ್ತಿದರೆ ಹ್ಯಾಮರ್ ತಂತಿಗೆ ತಾಗಿ ಅಲ್ಲೇ ನಿಲ್ಲುತ್ತದೆ, ಸ್ವರ ಸತ್ತುಹೋಗುತ್ತದೆ. ಲೆಟ್-ಆಫ್ ಸ್ಕ್ರೂ (ಹ್ಯಾಮರ್ ತಂತಿಗೆ ತಾಗುವ ಮುಂಚೆ ಎಲ್ಲಿ ಬಿಡುಗಡೆಯಾಗಬೇಕು ಅಂತ ಹೊಂದಿಸುವ ಸ್ಕ್ರೂ) ತಿರುಗಿಸಿದರೆ ಸ್ವಲ್ಪ ದಿನ ಸರಿ, ಆಮೇಲೆ ಮತ್ತೆ ಅದೇ ಕತೆ. ಸ್ಕ್ರೂ ಬೆರಳಲ್ಲೇ ಸಲೀಸಾಗಿ ತಿರುಗುತ್ತದೆ. ರಿಪೇರಿ ಮಾಡಿದವರು ಹೇಳಿ.

*

ಮೊದಲು ಲೂಸ್ ಆಗಿರುವುದು ಯಾವುದು ಅಂತ ನೋಡಿ. ಅಕ್ಕಪಕ್ಕದ ಸ್ವರಗಳೆಲ್ಲ ಒಟ್ಟಿಗೆ ಕೆಟ್ಟಿದ್ದರೆ, ಸ್ಕ್ರೂಗಳು ಕೂತಿರುವ ಮರದ ಪಟ್ಟಿಯೇ ಸಡಿಲವಾಗಿರಬಹುದು. ಪಟ್ಟಿಯನ್ನು ಹಿಡಿದಿರುವ ಸ್ಕ್ರೂ ಬಿಗಿ ಮಾಡಿ ನೋಡಿ. ಸ್ಕ್ರೂ ತುದಿಯಲ್ಲಿರುವ ಬಟನ್ ಮಾತ್ರ ಗಿರಗಿರ ತಿರುಗುತ್ತಿದ್ದರೆ ಅಂಟು ಬೇಕಿರುವುದು ಬಟನ್‌ಗೆ, ತೂತಿಗಲ್ಲ. ಎರಡೂ ಅಲ್ಲ ಅಂದರೆ ತೂತು ಸವೆದಿದೆ. ಬಟನ್ ಮೇಲಕ್ಕೆ ಸರಿದಷ್ಟೂ ಜ್ಯಾಕ್ (ಹ್ಯಾಮರ್ ಅನ್ನು ತಳ್ಳುವ ಪುಟ್ಟ ತುಂಡು) ಜಾರಿಕೊಳ್ಳುವುದು ತಡವಾಗುತ್ತದೆ, ಹ್ಯಾಮರ್ ತಂತಿಯನ್ನು ಒತ್ತಿಕೊಂಡೇ ನಿಲ್ಲುತ್ತದೆ. ನಿಮ್ಮದು ಇದೇ ಇರಬೇಕು.

ನಾನು ಆ್ಯಕ್ಷನ್, ಅಂದರೆ ಹ್ಯಾಮರ್‌ಗಳಿರುವ ಇಡೀ ಯಂತ್ರಭಾಗ, ಹೊರಗೆ ತೆಗೆದೇ ಮಾಡುತ್ತೇನೆ. ಸ್ಕ್ರೂ ಎಷ್ಟು ಸುತ್ತಿಗೆ ಬಿಚ್ಚಿ ಬಂತು ಅಂತ ಬರೆದಿಟ್ಟುಕೊಳ್ಳಿ, ವಾಪಸ್ ಹಾಕುವಾಗ ಹೆಚ್ಚುಕಮ್ಮಿ ಅದೇ ಜಾಗಕ್ಕೆ ಬರುತ್ತದೆ. ಖಾಲಿ ತೂತಿಗೆ ತೀರಾ ತೆಳುವಾದ ಸೂಪರ್ ಗ್ಲೂ ಒಂದೇ ಹನಿ ಬಿಡಿ. ಮರ ಅದನ್ನು ಕುಡಿದು ಗಟ್ಟಿಯಾಗಬೇಕು, ಒಂದು ರಾತ್ರಿ ಬಿಟ್ಟರೆ ಒಳ್ಳೆಯದು. ಆಮೇಲೆ ಸ್ಕ್ರೂ ಹಾಕಿ. ಚೆಲ್ಲಿದ ಅಂಟನ್ನು ಹತ್ತಿಯಿಂದ ಒರೆಸಬೇಡಿ. ಹತ್ತಿಗೆ ಅದು ಸೇರಿದರೆ ಬಿಸಿಯಾಗಿ ಹೊಗೆ ಬರುತ್ತದೆ, ಬೆರಳು ಸುಡುತ್ತದೆ. ಮೆತ್ತನೆಯ ಉಣ್ಣೆಯ ಫೆಲ್ಟ್‌ಗೆ ಬಿದ್ದರೆ ಅದು ಕಲ್ಲಾಗುತ್ತದೆ, ಆಮೇಲೆ ಪ್ರತಿ ಸಲ ಟಕ್ ಟಕ್ ಸದ್ದು.

*

ಬಿಚ್ಚುವುದು ಯಾಕೆ ಸುಮ್ನೆ? ಕೆಲವು ಪಿಯಾನೋಗಳಲ್ಲಿ ಬಟನ್ ತೆಗೆಯದೆ ಸ್ಕ್ರೂ ಹೊರಗೆ ಬರುವುದೇ ಇಲ್ಲ. ಹಳೇ ಬಟನ್ ಕೀಳಲು ಹೋದರೆ ಒಡೆಯಬಹುದು. ಸ್ಕ್ರೂ ಇದ್ದ ಹಾಗೇ ಬುಡಕ್ಕೆ ಒಂದು ಹನಿ ಬಿಡಿ, ಒಣಗಿದ ಮೇಲೆ ತಿರುಗಿಸಿ. ಚಟ್ ಅಂತ ಬಿಟ್ಟು, ಆಮೇಲೆ ಹದವಾದ ಬಿಗಿಯಲ್ಲಿ ತಿರುಗುತ್ತದೆ. ತಂತಿ ಸುತ್ತಿರುವ ಟ್ಯೂನಿಂಗ್ ಪಿನ್‌ಗಳು ಸಡಿಲವಾದರೂ ಹೀಗೇ ಮಾಡುತ್ತಾರಲ್ವಾ. ಆದರೆ ಆ್ಯಕ್ಷನ್ ಒಳಗಿರುವಾಗ ಬೇಡ. ಅಂಟು ಇಳಿದು ಕೆಳಗಿನ ಜ್ಯಾಕ್ ಮೇಲೆ ಬೀಳುತ್ತದೆ.

*

ನನಗೆ ಅಂಟು ಅಂದರೆ ಅಷ್ಟಕ್ಕಷ್ಟೇ. ಒಂದೆರಡು ಸ್ಕ್ರೂ ಆದರೆ ತೂತಿನೊಳಗೆ ಮರದ ತೆಳು ಸಿಪ್ಪೆ ಇಟ್ಟು ಹಾಕಿದರೆ ಸಾಕು. ಬೇಡ ಅಂದರೆ ಕಿತ್ತು ತೆಗೆಯಬಹುದು. ತೂತು ತೀರಾ ಹಾಳಾಗಿದ್ದರೆ ಮಾತ್ರ ಗಟ್ಟಿ ಮರದ ಬಿರಡೆ ಹೊಡೆದು, ಸ್ಕ್ರೂಗಿಂತ ಸಣ್ಣ ತೂತು ಹೊಸದಾಗಿ ಕೊರೆಯಬೇಕು.

ಎಲ್ಲ ಸ್ಕ್ರೂಗಳೂ ಒಣ ಹವೆಯಲ್ಲಿ ಮಾತ್ರ ಲೂಸ್ ಆಗುತ್ತವಾ, ಗಮನಿಸಿ. ಹಾಗಿದ್ದರೆ ಮರ ಕುಗ್ಗಿದೆ, ಕೋಣೆಯ ತೇವವನ್ನು ಮೊದಲು ನೋಡಿಕೊಳ್ಳಿ. ಲೆಟ್-ಆಫ್ ಹೊಂದಿಸುವುದು ಕೊನೆಗೆ. ಕೀ ಒತ್ತಿದ ಕೂಡಲೇ ಹ್ಯಾಮರ್ ಅಲುಗದೆ ನಡುವೆ ಸಡಿಲ ಇದ್ದರೆ ಮೊದಲು ಅದನ್ನು ತೆಗೆಯಿರಿ. ಆಮೇಲೆ ಮೆಲ್ಲಗೆ ಒತ್ತಿದಾಗ ಹ್ಯಾಮರ್ ತಂತಿಯಿಂದ ಸುಮಾರು 3 ಮಿ.ಮೀ. ದೂರದಲ್ಲಿ ಹಿಂದಕ್ಕೆ ಬೀಳುವಂತೆ ಮಾಡಿ. ಬಾಸ್ ತಂತಿಗಳು ಅಗಲವಾಗಿ ಅದುರುತ್ತವೆ, ಅಲ್ಲಿ ಸ್ವಲ್ಪ ಜಾಸ್ತಿ ಬಿಡಿ.